ಗೇರ್‌ಬಾಕ್ಸ್‌ಗೆ ಬೇಕಿರುವುದು ಟಾರ್ಕ್ ಲೆಕ್ಕ

"ಈ ಗೇರ್‌ಬಾಕ್ಸ್ ಎಷ್ಟು ಹಾರ್ಸ್‌ಪವರ್ ತಡೆಯುತ್ತೆ?" ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಲು ಹೊರಟವರು ಮೊದಲು ಕೇಳುವುದು ಇದನ್ನೇ. ಪ್ರಶ್ನೆಯೇ ಅರ್ಧ ತಪ್ಪು. ಕ್ಲಚ್, ಗೇರ್ ಹಲ್ಲು, ಡ್ರೈವ್‌ಶಾಫ್ಟ್ (ಚಕ್ರಗಳನ್ನು ತಿರುಗಿಸುವ ದಂಡ), ಇವನ್ನು ತಿರುಚಿ ಮುರಿಯುವುದು ಟಾರ್ಕ್, ಅಂದರೆ ತಿರುಚುವ ಬಲ. ಹಾರ್ಸ್‌ಪವರ್ ಅಂದರೆ ಅದೇ ಟಾರ್ಕ್‌ಗೆ ವೇಗ ಸೇರಿಸಿದ ಲೆಕ್ಕ: ಎನ್‌ಎಂ (ನ್ಯೂಟನ್ ಮೀಟರ್, ಟಾರ್ಕಿನ ಅಳತೆ) ಸಂಖ್ಯೆಯನ್ನು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಜೊತೆ ಗುಣಿಸಿ, ಸುಮಾರು 7,000ದಿಂದ ಭಾಗಿಸಿದರೆ ಆಯಿತು.

ನಂಬಿಕೆ ಬರದಿದ್ದರೆ ಇದನ್ನು ನೋಡಿ. 2013ರವರೆಗೆ ಫಾರ್ಮುಲಾ ಒನ್‌ನಲ್ಲಿ ಓಡುತ್ತಿದ್ದ 2.4 ಲೀಟರ್ ವಿ8 ಎಂಜಿನ್ 18,000 ಆರ್‌ಪಿಎಂ ಹತ್ತಿರ ಸುಮಾರು 750 ಹಾರ್ಸ್‌ಪವರ್ ಕೊಡುತ್ತಿತ್ತು. ಟಾರ್ಕ್ ಲೆಕ್ಕ ಹಾಕಿದರೆ 300 ಎನ್‌ಎಂ ಆಸುಪಾಸು, ಅಷ್ಟೇ. ಅದೇ 2.4 ಲೀಟರಿನ ಇನ್ನೋವಾ ಕ್ರಿಸ್ಟಾ ಡೀಸೆಲ್ ಮ್ಯಾನ್ಯುಯಲ್‌ನಲ್ಲಿ 150 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್‌ನಷ್ಟೇ), ಆದರೆ ಟಾರ್ಕ್ 343 ಎನ್‌ಎಂ! ಏರ್‌ಪೋರ್ಟ್ ಟ್ಯಾಕ್ಸಿಯ ಕ್ಲಚ್ ರೇಸ್ ಕಾರಿನದಕ್ಕಿಂತ ಜಾಸ್ತಿ ಟಾರ್ಕ್ ಹೊರುತ್ತಿದೆ.

ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. 2016ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಸೂಪರ್ಬ್ 1.8 ಟಿಎಸ್‌ಐ ತಗೊಳ್ಳಿ. ಮ್ಯಾನ್ಯುಯಲ್ ಆದರೂ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಆದರೂ ಪವರ್ 180 ಪಿಎಸ್. ಟಾರ್ಕ್ ಮಾತ್ರ ಮ್ಯಾನ್ಯುಯಲ್‌ಗೆ 320, ಡಿಎಸ್‌ಜಿಗೆ 250 ಎನ್‌ಎಂ. ಯಾಕೆ ಅಂದರೆ ಆ ಏಳು ಗೇರಿನ, ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ, ಡಿಕ್ಯೂ200 ಅನ್ನುವ ಡಿಎಸ್‌ಜಿ ಬಾಕ್ಸಿನ ಮಿತಿಯೇ 250. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ತಗ್ಗಿಸಿ, 250ನ್ನೇ 5,000 ದಾಟುವವರೆಗೂ ಹಿಡಿದಿಟ್ಟು ಅದೇ 180 ತೆಗೆದರು.

ರೀಮ್ಯಾಪ್‌ನಲ್ಲೂ ಇದೇ ದಾರಿ ಇದೆ. 250 ಎನ್‌ಎಂ ಅನ್ನು 6,000 ಆರ್‌ಪಿಎಂವರೆಗೆ ಉಳಿಸಲು ಟರ್ಬೋಗೆ ಉಸಿರಿದ್ದರೆ 213 ಪಿಎಸ್ ಬರುತ್ತದೆ, ಕ್ಲಚ್ ಮೇಲಿನ ತಿರುಚು ಒಂದಿಷ್ಟೂ ಹೆಚ್ಚುವುದಿಲ್ಲ. ಆದರೆ ಹಾಗೆ ಮಾಡಿಸಿಕೊಳ್ಳುವವರು ಕಡಿಮೆ. 2,000 ಆರ್‌ಪಿಎಂಗೇ ಬೆನ್ನು ಸೀಟಿಗೆ ಅಂಟಬೇಕು ಅನ್ನುವ ಆಸೆ, ಅಲ್ವಾ? ಅದಕ್ಕೆ ಟಾರ್ಕನ್ನೇ ಮಿತಿ ದಾಟಿಸುತ್ತಾರೆ, ಬಾಕ್ಸ್ ಹಾಳಾಗುವುದು ಅಲ್ಲೇ. ಹಾಗಾಗಿ ಟ್ಯೂನರ್ ಹತ್ತಿರ ಪೀಕ್ ಪವರ್ ಕೇಳಿ ಖುಷಿಪಡುವ ಬದಲು ಇಡೀ ಟಾರ್ಕ್ ಗ್ರಾಫ್ ತೋರಿಸಿ ಅನ್ನಿ. ತೋರಿಸದಿದ್ದರೆ ಸುಮ್ನೆ ಎದ್ದು ಬನ್ನಿ.

ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದು ಪ್ರೆಷರ್ ಪ್ಲೇಟ್ ಎಷ್ಟು ಬಲವಾಗಿ ಒತ್ತುತ್ತದೆ, ಪ್ಲೇಟ್ ಎಷ್ಟು ದೊಡ್ಡದು, ಲೈನಿಂಗ್ ಎಷ್ಟು ಕಚ್ಚುತ್ತದೆ ಅನ್ನುವುದರ ಮೇಲೆ ನಿಂತಿದೆ. ಮ್ಯಾನ್ಯುಯಲ್ ಕಾರಿದ್ದರೆ ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಮೇಲಿನ ಗೇರ್ ಹಾಕಿ, ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಡ್ರೈವ್‌ಶಾಫ್ಟ್ ಕತೆ ಬೇರೆ. ಗೇರ್‌ಬಾಕ್ಸಿನ 250 ಎನ್‌ಎಂ ಮಿತಿ ಎಂಜಿನ್ ಕಡೆಯಿಂದ ಒಳಬರುವ ಟಾರ್ಕ್‌ಗೆ. ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವ್ (ಚಕ್ರಗಳಿಗೆ ಮುಂಚಿನ ಕೊನೆಯ ಗೇರ್ ಜೋಡಿ) 4 ಅಂದುಕೊಂಡರೆ ಹದಿನಾಲ್ಕು ಪಟ್ಟಾಗಿ 3,500 ಎನ್‌ಎಂ ಚಕ್ರಗಳ ಕಡೆ ಹೋಗುತ್ತದೆ. ಸಾಮಾನ್ಯ ಟಯರ್ ಅಷ್ಟರಲ್ಲಿ ಜಾರಿಬಿಡುತ್ತದೆ, ಶಾಫ್ಟ್ ಬಚಾವಾಗುತ್ತದೆ. ಒಳ್ಳೆ ಗ್ರಿಪ್ಪಿನ ಟಯರ್ ಹಾಕಿದಿರೋ, ಆ ರಕ್ಷಣೆ ಹೋಯಿತು. ಇನ್ನು 5,000 ಆರ್‌ಪಿಎಂ ಏರಿಸಿ ದಢಕ್ಕನೆ ಕ್ಲಚ್ ಬಿಟ್ಟರೆ, ಎಂಜಿನ್ ಜೊತೆ ಸುತ್ತುತ್ತಿರುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನ ಹೊಡೆತವೂ ಸೇರಿ, ಎಂಜಿನ್ ಕೊಡುವುದಕ್ಕಿಂತ ಜಾಸ್ತಿ ಟಾರ್ಕ್ ಒಂದು ಕ್ಷಣ ಹಾದುಹೋಗುತ್ತದೆ. ಸ್ಟಾಕ್ (ಕಂಪನಿ ಕೊಟ್ಟಂತೆಯೇ ಇರುವ) ಎಂಜಿನ್ ಇಟ್ಟುಕೊಂಡೂ ಶಾಫ್ಟ್ ಮುರಿಯುವುದು ಹೀಗೇ.

ಹಾಗಂತ ಪವರ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ಗೇರ್‌ಗಳು ಉಜ್ಜುವಾಗ ಪೋಲಾಗುವ ಪವರ್ ಎಲ್ಲ ಬಿಸಿಯಾಗಿ ಎಣ್ಣೆಗೆ ಇಳಿಯುತ್ತದೆ. ಟ್ರ್ಯಾಕ್‌ನಲ್ಲಿ ಸುತ್ತು ಮೇಲೆ ಸುತ್ತು ಹಾಕುವವರಿಗೆ ಆಯಿಲ್ ಕೂಲರ್ ಬೇಕಾಗುವುದು ಅದಕ್ಕೇ. ವಾರಪೂರ್ತಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ತೆವಳುವ ಡ್ರೈ ಕ್ಲಚ್ ಡಿಎಸ್‌ಜಿಗಾದರೆ ಆ ಕೂಲರ್‌ನಿಂದ ಏನೂ ಪ್ರಯೋಜನವಿಲ್ಲ, ಕ್ಲಚ್ ಪ್ಲೇಟು ಎಣ್ಣೆಯಲ್ಲೇ ಇಲ್ಲವಲ್ಲ. ಅಲ್ಲಿ ಮುಂದಿನ ಕಾರಿಗೂ ನಿಮಗೂ ಸ್ವಲ್ಪ ಜಾಗ ಆಗುವವರೆಗೆ ಬ್ರೇಕ್ ಒತ್ತಿಕೊಂಡು ನಿಂತಿದ್ದು, ಆಮೇಲೆ ಒಂದೇ ಸಲ ಮುಂದೆ ಹೋಗಿ.