ತಕಿಟ ತಕ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನನ್ನ ಮೊದಲ ಓಟ ಮುಗಿದದ್ದು ಮೂರನೇ ಬೆಂಚಿನ ಹತ್ತಿರ. ಎರಡು ನಿಮಿಷವೂ ಆಗಿರಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಾ ನಿಂತಿದ್ದೆ. ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು, ‘ಏನ್ ಸಾರ್, ಸುಸ್ತಾಯ್ತಾ?’ ಅಂದರು. ಉತ್ತರ ಕೊಡೋಕೂ ಉಸಿರಿಲ್ಲ, ತಲೆ ಆಡಿಸಿದೆ. ವಯಸ್ಸು 44, ಕೂತು ಮಾಡುವ ಕೆಲಸ. ನನಗೆ ದಮ್ಮಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ನನ್ನ ಭಾವ ಪ್ರಾಣಾಯಾಮ ಮಾಡುವವರು. ‘ಬಾಯಿ ಮುಚ್ಕೊಂಡು ಓಡು ಕಣಯ್ಯ, ಉಸಿರು ಮೂಗಲ್ಲೇ ಆಡಬೇಕು’ ಅಂದರು. ಮಾರನೇ ದಿನ ಹಾಗೇ ಮಾಡಿದೆ. ಎರಡನೇ ಬೆಂಚಿಗೇ ನಿಂತೆ! ಕೂತು ಉಸಿರಾಡೋದೇ ಬೇರೆ, ಓಡುವಾಗ ಉಸಿರಾಡೋದೇ ಬೇರೆ. ಮೂಗಿಗೆ ಸಾಲದಿದ್ದರೆ ಬಾಯಿಯೂ ತೆರೆಯಲಿ ಬಿಡಿ. ಆದರೆ ಭಾವನಿಂದ ಒಂದು ಕಲಿತೆ. ಅಂಗಾತ ಮಲಗಿ ಹೊಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡರೆ, ಉಸಿರೆಳೆದಾಗ ಪುಸ್ತಕ ಏಳಬೇಕು. ನನ್ನದು ಬರೀ ಭುಜ ಏಳುತ್ತಿತ್ತು. ಸರಿಯಾಗೋಕೆ ಒಂದು ವಾರ ಹಿಡಿಯಿತು.

ನಿಜವಾದ ತಪ್ಪು ವೇಗದಲ್ಲಿತ್ತು. ಹೊರಟ ಬಸ್ಸು ಹಿಡಿಯುವವನ ಹಾಗೆ ಓಡುತ್ತಿದ್ದೆ. ಮೊದಲ ಕೆಲವು ನಿಮಿಷ ಎದೆ ಇನ್ನೂ ಕಾಲಿಗೆ ಹೊಂದಿಕೊಳ್ಳುತ್ತಿರುತ್ತದೆ. ಆಗಲೇ ಜೋರು ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ‘ಉಸಿರಾಡು, ಉಸಿರಾಡು’ ಅಂತ ಮೆದುಳು ಪೀಡಿಸೋದು ಮುಖ್ಯವಾಗಿ ಅದಕ್ಕೇ. ಗಾಬರಿಯಲ್ಲಿ ನಾವು ಎಳೆದುಕೊಳ್ಳುತ್ತಲೇ ಇರುತ್ತೇವೆ, ಪೂರ್ತಿ ಬಿಡೋದನ್ನು ಮರೆಯುತ್ತೇವೆ. ಈಗ ನಾನು ಶುರುವಿನಲ್ಲಿ 13ರ ಮಗ್ಗಿ ಹೇಳಿಕೊಂಡು ಓಡುತ್ತೇನೆ. ‘ಹದಿಮೂರೈದ್ಲ’ ಅಂದಮೇಲೆ ‘ಅರವತ್ತೈದು’ ಹೇಳೋಕೆ ಉಸಿರು ಸಾಲದಿದ್ದರೆ ನಡೆಯುತ್ತೇನೆ. ನೋಡಿದವರು ನಗಲಿ.

ಹುಡುಗನಾಗಿದ್ದಾಗ ಎರಡು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ಉಳಿದದ್ದು ಬಾಯಲ್ಲಿ ಹೇಳುವ ಒಂದಷ್ಟು ಸೊಲ್ಲು ಮಾತ್ರ. ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಅನ್ನೋ ಓಟಗಾರರ ಲೆಕ್ಕ ಓದಿದಾಗ ನಗು ಬಂತು. ಇದು ಖಂಡ ನಡೆ, ಅಂದರೆ ಐದೈದು ಎಣಿಕೆಯ ಗತಿ ಅಲ್ವಾ! ತಕಿಟ ಒಳಗೆ, ತಕ ಹೊರಗೆ. ಒಟ್ಟು ಐದು, ಬೆಸ ಸಂಖ್ಯೆ. ಹಾಗಾಗಿ ಉಸಿರು ಬಿಡೋದು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಶುರುವಾಗುತ್ತದೆ. ಸ್ವಲ್ಪ ವೇಗ ಜಾಸ್ತಿಯಾದರೆ ಖಂಡ ನಿಲ್ಲುವುದಿಲ್ಲ. ಆಗ ತಕಧಿಮಿ: ಎರಡಕ್ಕೆ ಒಳಗೆ, ಎರಡಕ್ಕೆ ಹೊರಗೆ.

ಖಂಡದಲ್ಲಿ ಆಗುವ ಹಾಗೆ ಉಸಿರು ಬಿಡುವ ಕಾಲು ಬದಲಾದರೆ ಪಕ್ಕೆ ಹಿಡಿಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನಂತೂ ಅಷ್ಟು ನಂಬುವುದಿಲ್ಲ. ಒಂದು ಭಾನುವಾರ ಸೆಟ್ ದೋಸೆ ತಿಂದು ಅರ್ಧ ಗಂಟೆಗೇ ಓಡೋಕೆ ಹೋದೆ. ಬಲಪಕ್ಕೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಯಾವ ತಾಳವೂ ಕಾಪಾಡಲಿಲ್ಲ. ಓಟ ನಿಲ್ಲಿಸಿ, ನೋಯುವ ಜಾಗ ಒತ್ತಿ ಹಿಡಿದು, ಸ್ವಲ್ಪ ಬಗ್ಗಿ ನಿಧಾನವಾಗಿ ಉಸಿರು ಬಿಡುತ್ತಾ ನಡೆದೆ. ಆಮೇಲೆ ಕಡಿಮೆಯಾಯಿತು. (ಎದೆ ಬಿಗಿದರೆ, ಉಸಿರಲ್ಲಿ ಸುಯ್ ಅಂತ ಸದ್ದು ಬಂದರೆ ಮಾತ್ರ ಇಂಥ ಪ್ರಯೋಗ ಬೇಡ, ಡಾಕ್ಟರ ಹತ್ತಿರ ಹೋಗಿ.)

ಮೊನ್ನೆ ಅದೇ ಹಿರಿಯರು ಎದುರಾದರು. ‘ಏನ್ ಸಾರ್, ಇವತ್ತು ಸುಸ್ತಾಗ್ಲಿಲ್ವಾ?’

‘ಇಲ್ಲ ಸಾರ್, ಆ ಕಡೆ ಮರದ ಮೇಲೆ ಹೆಜ್ಜಾರ್ಲೆ ಹಕ್ಕಿ ತುಂಬಾ ಬಂದಿವೆ ನೋಡಿ’ ಅಂದೆ, ಓಡುತ್ತಲೇ.

ತಾಳ ತಪ್ಪಿತು.