ಕ್ಯಾಮೆರಾ ಅಡುಗೆಮನೆಗೆ ಹೋದಾಗ

ನಮ್ಮ ನಾಟಕದಲ್ಲಿ ಅವ್ವ ಕಾಣಿಸುತ್ತಲೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಮನೆ ಪಾಲು ಮಾಡಲು ಕೂತು, ಕೊನೆಗೆ ಅಪ್ಪನ ಮಂಚ ಯಾರಿಗೆ ಅಂತ ಜಗಳ ಆಡುವ ಕತೆ ಅದು. ಅವ್ವ ಬರೀ ದನಿ. "ಅವ್ವಾ, ಚಾ" ಅಂದರೆ ಒಳಗಿನಿಂದ "ತಂದೆ ತಡಿಯಪ್ಪಾ" ಅಂತ ಬರಬೇಕು. ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಆಡಿದಾಗ ಈ ಮಾತಿಗೆ ಪ್ರತಿ ಸಲವೂ ಜನ ನಕ್ಕಿದ್ದರು.

ಆ ದನಿ ನನ್ನದು. ತಂಡಕ್ಕೆ ಹೆಣ್ಣುಮಕ್ಕಳು ಯಾರೂ ಸಿಗಲಿಲ್ಲ, ಅದಕ್ಕೇ ಹಾಗೆ ಬರೆದುಕೊಂಡಿದ್ದೆವು. ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತಿದ್ದವರು ಹಳೇ ಕಾಲದ ರಂಗನಟ ಬಳ್ಳಾರಿ ರಾಘವ, ಅವರ ಹೆಸರಿನ ಮಂದಿರದಲ್ಲೇ ನಾನು ಪರದೆ ಪಕ್ಕ ನಿಂತು ಅವ್ವನಾಗಿದ್ದು ಆಗಲೂ ಮನಸ್ಸಿಗೆ ಚುಚ್ಚುತ್ತಿತ್ತು. ರಾಘವರೂ ನಾಟಕದಿಂದ ಸಿನಿಮಾಕ್ಕೆ ಹೋದವರೇ, 1939ರ ತೆಲುಗಿನ 'ರೈತು ಬಿಡ್ಡ'ದಲ್ಲಿ ಅವರಿದ್ದಾರೆ.

ಇದೇ ನಾಟಕವನ್ನು ಸಿನಿಮಾ ಮಾಡೋಣ ಅಂತ ನಾವೆಲ್ಲ ಸೇರಿಸಿದ್ದು 4 ಲಕ್ಷ. ಕೌಲ್ ಬಜಾರಿನ ಒಂದು ಹಳೇ ಮನೆ, 11 ದಿನ, ಏಪ್ರಿಲ್ ತಿಂಗಳು. ಡಬ್ಬಿಂಗಿಗೆ ದುಡ್ಡಿಲ್ಲದ್ದಕ್ಕೆ ದನಿಯನ್ನು ಅಲ್ಲೇ ಹಿಡಿಯಬೇಕಿತ್ತು, ಫ್ಯಾನಿನ ಸದ್ದು ಮೈಕಿಗೆ ಬೀಳುತ್ತೆ ಅಂತ ಪ್ರತಿ ಶಾಟಿಗೂ ಫ್ಯಾನ್ ಆಫ್, ಹೊರಗೆ ಆಟೋ ಹಾರ್ನ್ ಹೊಡೆದರೆ ಮತ್ತೆ ಮೊದಲಿಂದ. ನಮ್ಮೂರ ಬಿಸಿಲು ಗೊತ್ತಲ್ವಾ. ಕೊನೇ ಸಾಲಿಗೂ ಕೇಳಬೇಕು ಅಂತ ಕೂಗಿ ರೂಢಿಯಾದ ನಮ್ಮವರಿಗೆ ದನಿ ಇಳಿಸೋದೇ ಎರಡು ದಿನ ಹಿಡಿಯಿತು.

ನಿರ್ದೇಶಕನಿಗೆ ಒಂದೇ ಒಂದು ಸಲ ಕ್ಯಾಮೆರಾ ಅಡುಗೆಮನೆಯೊಳಗೆ ಹೋಗಬೇಕಿತ್ತು. ನಾನು ಒಪ್ಪಲಿಲ್ಲ. ಅವ್ವ ಕಂಡರೆ ನಗು ಸತ್ತು ಹೋಗುತ್ತೆ ಅಂತ ಜೋರಾಗಿಯೇ ವಾದ ಮಾಡಿದೆ. ಅಷ್ಟರಲ್ಲಿ ನಮ್ಮ ಓಣಿಯ ಟೀಚರಮ್ಮ ಒಬ್ಬರು, ರಿಟೈರ್ ಆದವರು, ನಾನು ಮಾಡ್ತೀನಿ ಅಂದರು. ಅವರು ಬಂದು ಮಾಡಿದ್ದು ಇಷ್ಟೇ: ನೆಲದ ಮೇಲೆ ಅಕ್ಕಿ ಚೀಲಕ್ಕೆ ಒರಗಿ ಕೂತರು, ಸೆರಗಿನಿಂದ ಗಾಳಿ ಬೀಸಿಕೊಂಡರು, ಹೊರಗಿನ ಜಗಳ ಕೇಳುತ್ತಾ "ತಂದೆ ತಡಿಯಪ್ಪಾ" ಅಂದರು. ಎದ್ದೇಳಲಿಲ್ಲ. ಒಲೆ ಹಚ್ಚಿಯೇ ಇರಲಿಲ್ಲ.

ಮೊನ್ನೆ ಮನೆಯವರನ್ನು, ಗೆಳೆಯರನ್ನು ಕೂರಿಸಿ ಮೊದಲ ಸಲ ತೋರಿಸಿದೆವು. ಆ ಮಾತಿಗೆ ಎಂದಿನಂತೆ ಎಲ್ಲರೂ ನಕ್ಕರು. ನಾಲ್ಕನೇ ಸಲಕ್ಕೆ ಒಳಗಿನ ಶಾಟ್ ಬಂತು, ಆರಿದ ಒಲೆ ಕಂಡಿತು, ನಗು ಅರ್ಧಕ್ಕೇ ನಿಂತಿತು. ನನ್ನ ಪಕ್ಕ ಕೂತಿದ್ದ ನಮ್ಮವ್ವ ಮಾತ್ರ ಆಗ ನಕ್ಕಳು.