ಎರಡು ಕಚೇರಿ, ಒಂದು ಮಡಕೆ

"ಕಚೇರಿಯಲ್ಲಿದ್ದೇನೆ ಎಂದೆಯಲ್ಲ, ಯಾವ ಕಚೇರಿಯೇ?" ಎಂದು ಶನಿವಾರ ಸಂಜೆ ಅಮ್ಮ ಫೋನಿನಲ್ಲಿ ಕೇಳಿದಳು. ನನ್ನ ಕೆಲಸ ಹೋಗಿ ಮೂರು ತಿಂಗಳಾಗಿದೆ. ನಾನು ಬಸವನಗುಡಿಯ ದೇವಸ್ಥಾನವೊಂದರ ರಾಮನವಮಿ ಪೆಂಡಾಲಿನಲ್ಲಿದ್ದೆ. ಪೀಣ್ಯದವರ ಫೋನ್ ಇರಬಹುದೆಂದು ಜಮಖಾನದ ಮೇಲಿದ್ದವರ ಕಾಲು ದಾಟಿಕೊಂಡು ಹೊರಗೆ ಓಡಿ ಬಂದಿದ್ದೆ.

ಪೀಣ್ಯಕ್ಕೆ ಹೋದದ್ದು ಮಂಗಳವಾರ. ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದಕ್ಕೆ ಲೆಕ್ಕಪತ್ರ ನೋಡುವವರು ಬೇಕಿತ್ತು. ಎರಡು ಬಸ್ಸು ಬದಲಿಸಿದೆ, ಎರಡರಲ್ಲೂ ಶೂನ್ಯ ದರದ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ನನಗೆ ಸಂಬಳ ಬರುತ್ತಿತ್ತು, ಆ ಚೀಟಿಯ ಬೆಲೆ ತಿಳಿದಿರಲಿಲ್ಲ. ಈಗ ತಿಳಿದಿದೆ. ಬಸ್ ಚಾರ್ಜಿಗೆ ಹೆದರಿ ಒಂದು ಸಂದರ್ಶನವನ್ನೂ ನಾನು ಬಿಟ್ಟಿಲ್ಲ.

ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಮದುವೆಯಾದ ಮೇಲೂ ಕೆಲಸ ಮಾಡುತ್ತೀರಾ ಎಂಬುದು. ಟ್ಯಾಲಿ ಬರುತ್ತದೆಯೇ, ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಅಭ್ಯಾಸವಿದೆಯೇ ಎಂದು ಕೇಳುವ ಮೊದಲೇ! ಸಿಟ್ಟು ಗಂಟಲವರೆಗೆ ಬಂತು, ನುಂಗಿಕೊಂಡೆ. ಆಮೇಲೆ ಹಿರಿಯ ಲೆಕ್ಕಿಗರೊಬ್ಬರು ಬಂದು ಖರೀದಿ ಪುಸ್ತಕವನ್ನೂ, ಮಾರಿದವರು ಸಲ್ಲಿಸಿದ ವಿವರದಿಂದ ಜಿಎಸ್‌ಟಿ ಜಾಲತಾಣದಲ್ಲಿ ತಯಾರಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನೂ ಮುಂದಿಟ್ಟು, "ತಾಳೆಯಾಗುತ್ತಿಲ್ಲ, ನೋಡಿ" ಎಂದರು. ತೆರಿಗೆಯಲ್ಲಿ 5,400 ರೂಪಾಯಿ ವ್ಯತ್ಯಾಸವಿತ್ತು. ಒಂಬತ್ತರಿಂದ ಭಾಗಿಸಿದೆ, ಶೇಷ ಉಳಿಯಲಿಲ್ಲ. ಬರೆಯುವಾಗ ಎರಡು ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ಕೈಬರಹದ ಲೆಕ್ಕದ ಕಾಲದಿಂದ ಬಂದ ಸುಳಿವು ಇದು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಹೋದೆ. ಮೂರನೆಯ ಪುಟದಲ್ಲಿ ಸಿಕ್ಕಿತು: 8,260 ಇರಬೇಕಾದಲ್ಲಿ 2,860. ಹಿರಿಯರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮೂರು ತಿಂಗಳಲ್ಲಿ ನನ್ನ ಕೆಲಸವನ್ನು ಯಾರಾದರೂ ನೋಡಿದ್ದು ಅದೇ ಮೊದಲು. "ತಿಳಿಸುತ್ತೇವೆ" ಎಂದು ಕಳಿಸಿಕೊಟ್ಟರು. ಆ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ.

ಬುಧವಾರ ಅರ್ಜಿ ಕಳಿಸುವುದರಲ್ಲೇ ಕಳೆಯಿತು.

ಗುರುವಾರ ಗೆಳತಿಯ ಕೋಣೆಯಲ್ಲಿ 'ಘಟಶ್ರಾದ್ಧ' ನೋಡಿದೆ. 1977ರ ಚಿತ್ರ. ಅದರ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡ ಸುದ್ದಿ ಓದಿದಂದಿನಿಂದ ನೋಡಬೇಕೆಂದುಕೊಂಡಿದ್ದೆ. ನಿರ್ದೇಶಕ ಗಿರೀಶ ಕಾಸರವಳ್ಳಿಯವರೂ ಕಥೆ ಬರೆದ ಅನಂತಮೂರ್ತಿಯವರೂ ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರೇ. ಘಟವೆಂದರೆ ಮಡಕೆ. ವೇದಪಾಠ ಹೇಳುವವನೊಬ್ಬನ ಮಗಳು, ಗರ್ಭಿಣಿಯಾದ ವಿಧವೆ ಯಮುನೆಯನ್ನು ಊರು ಹೊರಗೆ ಹಾಕುತ್ತದೆ, ಅವಳು ಬದುಕಿರುವಾಗಲೇ ತಂದೆ ಮಡಕೆ ಒಡೆದು ಅವಳ ಶ್ರಾದ್ಧ ಮಾಡುತ್ತಾನೆ. ವೇದ ಕಲಿಯಲು ಬಂದ ಸಣ್ಣ ಹುಡುಗ ನಾಣಿಯ ಕಣ್ಣಿನಿಂದಲೇ ನಾವು ಇದನ್ನೆಲ್ಲ ನೋಡುತ್ತೇವೆ. ಕೊನೆಯಲ್ಲಿ ಊರು ಬಿಟ್ಟು ಹೊರಟ ಅವನಿಗೆ ಮರದ ಕೆಳಗೆ ತಲೆ ಬೋಳಿಸಿದ ಯಮುನಕ್ಕ ಕಾಣುತ್ತಾಳೆ. ನಮ್ಮ ಮನೆಯ ಜಗಲಿಯಲ್ಲಿ ಒಂದು ಹಳೆಯ ಫೋಟೊ ಇದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಮುದುಕಿ, ಅಜ್ಜನ ದೊಡ್ಡಮ್ಮ. ಸೆರಗಿನ ಕೆಳಗೆ ಕೂದಲಿಲ್ಲ ಎಂಬುದು ಚಿಕ್ಕಂದಿನಿಂದ ಗೊತ್ತಿತ್ತು. ಅವರ ಹೆಸರೇನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಗುರುವಾರ ರಾತ್ರಿಯೇ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು ಕಣೇ" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶನಿವಾರದ ಹೊತ್ತಿಗೂ ಪೀಣ್ಯದಿಂದ ಸುದ್ದಿಯಿಲ್ಲ. ಕೋಣೆಯಲ್ಲಿ ಕೂರಲಾಗದೆ ಪೆಂಡಾಲಿಗೆ ಬಂದೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ದೊಡ್ಡ ರಾಮನವಮಿ ಸಂಗೀತೋತ್ಸವದಂತಲ್ಲ ಇದು. ನೂರು ಜನ, ಒಂದು ಕೊಳಗ ಪಾನಕ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಕಾಸು ಕೊಡಬೇಕಾಗಿಲ್ಲ. ಗಾಯಕಿಯ ಹಿಂದೆ ಮೃದಂಗ, ಅದರ ಪಕ್ಕದಲ್ಲಿ ಘಟ. ಮೃದಂಗವನ್ನಾದರೆ ತಟ್ಟಿ ಬಿಗಿದು ಶ್ರುತಿಗೆ ಕೂಡಿಸಬಹುದು. ಘಟ ಸುಟ್ಟ ಮಣ್ಣು, ಗಾಯಕರ ಶ್ರುತಿಗೆ ಹೊಂದುವ ಮಡಕೆಯನ್ನೇ ಆರಿಸಿ ತರಬೇಕು. ಕಲಾವಿದರು ಅದರ ಬಾಯನ್ನು ಹೊಟ್ಟೆಗೆ ಒತ್ತಿಕೊಂಡು ಬಡಿದರೆ ಗುಂ ಎಂಬ ನಾದ, ಕೊರಳ ಹತ್ತಿರ ಉಗುರು ತಾಗಿದರೆ ಲೋಹದ ಸದ್ದು. ಗುರುವಾರದಿಂದ ಮಡಕೆ ಎಂದರೆ ಯಮುನೆಯೇ ಕಣ್ಮುಂದೆ ಬರುತ್ತಿದ್ದಳು. ಇಲ್ಲಿ ಒಬ್ಬರು ಅದನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಫೋನ್ ಬಂದದ್ದು.

"ಸಂಗೀತ ಕಚೇರಿ ಅಮ್ಮಾ" ಎಂದೆ. ಬೈಗುಳಕ್ಕೆ ಸಿದ್ಧಳಾಗಿ ಚಪ್ಪಲಿಗಳ ರಾಶಿಯ ಪಕ್ಕ ನಿಂತೆ. ಒಳಗೆ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾಯಿತು. ಮೃದಂಗ ನುಡಿಸಿದ್ದಕ್ಕೆ ಘಟ ಉತ್ತರ ಕೊಡುತ್ತಿತ್ತು.

"ಅದೇನೇ ಸದ್ದು?"

"ಘಟ. ಮಡಕೆ."

ಅಮ್ಮ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಫೋನ್ ಇಡಬೇಡ, ಹಾಗೇ ಹಿಡಿದುಕೊಂಡಿರು" ಎಂದಳು.

ಬೇವಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಕಡೆಗೆ ಮೊಬೈಲ್ ಎತ್ತಿ ಹಿಡಿದು, ಮುಕ್ತಾಯದ ಕೊನೆಯ ಪೆಟ್ಟಿನವರೆಗೂ ಹಾಗೆಯೇ ನಿಂತಿದ್ದೆ.